ಅಂಕಿಯ ಪಕ್ಕದ ಕೊಡ

ಹುಸೇನಸಾಬ ಕಾಕಾ, ನಿಮ್ಮ ಅಳತೆ ಪುಸ್ತಕ ಕಳೆದಿಲ್ಲ. ಅದು ನನ್ನ ಬಳಿಯೇ ಇದೆ. ವಿಚಾರಣೆಯ ದಿನ ನಾನು ಹೇಳಿದ್ದು ಸುಳ್ಳು. ಮೂರು ವರ್ಷದಿಂದ ಅದು ನನ್ನ ಗದಗಿನ ಮನೆಯ ಕಪಾಟಿನಲ್ಲಿ, ಹಳೆಯ ಬಟ್ಟೆಗಳ ಕೆಳಗೆ —

ಹಳೆಯ ನೀರಿನ ಟಾಕಿಗಳಿಗೆ ಯಾವಾಗ ದುರಸ್ತಿ ಬೇಕಾಗುತ್ತದೆ ಎಂದು ಕಂಪ್ಯೂಟರ್ ಮುಂಚಿತವಾಗಿ ಹೇಳಬೇಕು, ಅದು ನಮ್ಮ ಕಾಲೇಜಿನ ಸಂಶೋಧನೆ. ಅಳತೆಗಳನ್ನು ಕೂಡಿಟ್ಟು ಒಪ್ಪಗೊಳಿಸುವುದು ನನ್ನ ಪಾಲಿನ ಕೆಲಸ. ಮುಂಡರಗಿ ಕಡೆಯ ನಿಮ್ಮ ಊರಲ್ಲಿ ನೀವು ನೀರು ಬಿಡುವವರು, ಅದಕ್ಕೂ ಮೊದಲು ಗೋಡೆ ಕಟ್ಟುವ ಗೌಂಡಿ. ಟಾಕಿಯ ಕಂಬದ ಬಿರುಕಿನ ಎರಡೂ ಬದಿಗೆ ಮೊಳೆ ಕೂರಿಸಿ, ನಡುವಿನ ಅಂತರವನ್ನು ದಿನಾ ಮುಂಜಾನೆ ಅಳೆದು ಬರೆಯುತ್ತಿದ್ದಿರಿ. ವಾರಕ್ಕೊಮ್ಮೆ ಬಂದು ನಾನು ಆ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೆ.

ಊರಿಗೆ ನೀರು ಬರುತ್ತಿದ್ದುದೂ ವಾರಕ್ಕೊಮ್ಮೆ. ಟಾಕಿ ತುಂಬಿದ ದಿನದ ಅಂಕಿಯ ಪಕ್ಕ ನೀವು ಪುಟ್ಟದೊಂದು ಕೊಡ ಬರೆಯುತ್ತಿದ್ದಿರಿ. ನಾನು ನಕ್ಕಿದ್ದೆ.

"ಇದೇನ್ ಕಾಕಾ, ಚಿತ್ರಕಲಾ ಪರೀಕ್ಷಾಕ್ಕ ಕುಂಡ್ರಾವ್ರದೀರೇನು?"

"ನಗಬ್ಯಾಡ ತಂಗಿ. ತುಂಬಿದ ದಿನ ಬಿರುಕ ಬಾಯಿ ತಗೀತೈತಿ. ಒಂದ್ ಸಲಕ್ಕಿಂತ ಒಂದ್ ಸಲ ಜಾಸ್ತಿ. ನಿನ್ನ ಕಂಪ್ಯೂಟರಿಗೆ ಕೊಡಾನೂ ತೋರ್ಸು."

ಕಂಪ್ಯೂಟರಿನ ನನ್ನ ತಖ್ತೆಯಲ್ಲಿ ಕೊಡಕ್ಕೆ ಜಾಗವಿರಲಿಲ್ಲ. ಒಂದು ಕಾಲಂ ಸೇರಿಸಲು ಎಷ್ಟು ಹೊತ್ತು ಬೇಕಿತ್ತು — ಸೇರಿಸಲಿಲ್ಲ. ಕೊಡವಿಲ್ಲದೆ ನೋಡಿದರೆ ವಾರಕ್ಕೊಮ್ಮೆ ಜಿಗಿಯುವ ಆ ಅಂಕಿಗಳು ತಪ್ಪಿನಂತೆಯೇ ಕಂಡವು. ಮುದುಕರ ಕಣ್ಣು, ಎಂದುಕೊಂಡೆ. ಒಂದೊಂದಾಗಿ ಅಳಿಸಿ, ಹಿಂದುಮುಂದಿನ ದಿನಗಳ ಸರಾಸರಿ ತುಂಬಿದೆ. ಮೂಲ ಅಂಕಿಗಳ ಪ್ರತಿಯನ್ನೂ ಇಟ್ಟುಕೊಳ್ಳಲಿಲ್ಲ. ಪರದೆಯ ಮೇಲೆ ಗೆರೆ ನೆಟ್ಟಗಾಯಿತು. 'ಸದ್ಯಕ್ಕೆ ಅಪಾಯವಿಲ್ಲ' ಎಂದು ವರದಿ ಹೋಯಿತು.

ಆಮೇಲೆ ಆ ಮುಂಜಾನೆ. ಟಾಕಿ ತುಂಬಿದ ದಿನ. ನಾನು ಫೋಟೋ ತೆಗೆಯಲು ಬಂದಿದ್ದೆ. ಕೆಳಗಿನ ನಳದ ಮುಂದೆ ಹೆಂಗಸರ ಪಾಳಿ. ನೀವು ಅಳತೆ ಬರೆಯುತ್ತಿದ್ದವರು ತಲೆಯೆತ್ತಿ ಕಂಬ ನೋಡಿದಿರಿ. ಪುಸ್ತಕವನ್ನು ನನ್ನ ಕೈಗೆ ತುರುಕಿದಿರಿ.

"ಎಲ್ಲಾರ್ನೂ ಕರಕೊಂಡು ರಸ್ತಾಕ್ಕ ನಡಿ. ಜಲ್ದಿ."

"ವರದಿಯಾಗ ಅಪಾಯ ಏನೂ ಇಲ್ಲಂತ ಐತಲ್ಲ ಕಾಕಾ..."

ಆ ಮಾತು ಹೇಳಿದ್ದು ನಾನು. ಈಗಲೂ ಮುಂಜಾನೆ ನಳದ ಸದ್ದು ಕೇಳಿದರೆ ಸಾಕು, ಮೊದಲು ನೆನಪಾಗುವುದು ಅದೇ.

"ಪಾಳಿ ಬಿಟ್ಟು ಎಲ್ಲಿ ಹೋಗೂದು ಸಾಬಣ್ಣ? ನೀರ ನೀ ಬಂದು ಹೊರ್ತೀಯೇನು?" ಎಂದು ಒಬ್ಬಾಕೆ ಛೇಡಿಸಿದಳು. ನೀವು ಸಾಲಿನ ಕೊಡಗಳನ್ನು ಕಾಲಿನಿಂದ ರಸ್ತೆಯ ಕಡೆಗೆ ಒದ್ದಿರಿ. ಅವು ಉರುಳಿದವು, ಹೆಂಗಸರು ಬೈಯುತ್ತ ಹಿಂದೆ ಓಡಿದರು. ನನ್ನನ್ನೂ ನೂಕಿದಿರಿ. ನೀರು ಖಾಲಿ ಮಾಡಲೆಂದು ನೀವು ಮಾತ್ರ ವಾಲ್ವಿನ ಕಡೆಗೆ ತಿರುಗಿ ಹೋದಿರಿ.

ಮೊದಲು ಒಣ ಕಟ್ಟಿಗೆ ಮುರಿದಂಥ ಒಂದು ಸದ್ದು. ಆಮೇಲೆ ನೀರು.

ಯಾರೂ ಸಾಯಲಿಲ್ಲ. ನಿಮ್ಮ ಎಡಗಾಲು ಹೋಯಿತು.

ವಿಚಾರಣೆಗೆ ಬಂದ ಅಧಿಕಾರಿಗಳು ನನ್ನ ನೆಟ್ಟಗಿನ ಗೆರೆಯನ್ನು ನಿಮ್ಮ ಮುಂದೆ ಹಿಡಿದರು. ಬಿರುಕು ಅಗಲವಾಗಿದ್ದರೆ ಅಳತೆಯಲ್ಲಿ ಏಕಿಲ್ಲ, ನೀನು ಅಳೆದೇ ಇಲ್ಲ ಎಂದರು.

"ಪುಸ್ತಕದಾಗ ಐತ್ರಿ ಸಾಹೇಬ್ರ. ಪುಸ್ತಕ ಈ ತಂಗಿ ಕಡೆ ಐತಿ," ಎಂದಿರಿ ನೀವು.

ಎಲ್ಲರೂ ನನ್ನ ಕಡೆ ತಿರುಗಿದರು. ನೀವೂ. ಧೈರ್ಯವಾಗಿಯೇ ಕೂತಿದ್ದಿರಿ, ನಾನಿದ್ದೇನಲ್ಲ ಎಂದು —

"ನಮಗ ಯಾವ ಪುಸ್ತಕಾನೂ ಕೊಟ್ಟಿಲ್ರಿ," ಎಂದೆ.

ನೀವು ಊರುಗೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದಿರಿ, ಅಷ್ಟೇ. ಕೆಲಸ ಹೋಯಿತು. ನಿಮ್ಮೂರ ಚಹಾದಂಗಡಿಯಲ್ಲಿ ನಿಮ್ಮನ್ನು 'ಮನ್ಯಾಗ ಕುಂತು ಟಾಕಿ ಅಳದಾಂವ' ಎನ್ನುತ್ತಾರಂತೆ. ಈ ಮಾತು ನನ್ನ ಕಿವಿಗೆ ಬಿದ್ದ ಮೇಲೂ ಒಂದು ವರ್ಷ ಸುಮ್ಮನಿದ್ದೆ.

ಪುಸ್ತಕದ ಪ್ರತಿಯೊಂದು ಪುಟದ ನಕಲನ್ನೂ ಇಂದು ಆ ಅಧಿಕಾರಿಗಳಿಗೂ ಕಾಲೇಜಿಗೂ ಕಳಿಸಿದ್ದೇನೆ. ಅಳಿಸಿದವಳು ನಾನು, ಸುಳ್ಳು ಹೇಳಿದವಳೂ ನಾನು ಎಂದು ಸಹಿ ಮಾಡಿದ್ದೇನೆ. ನಾಳೆ ಮುಂಜಾನೆಯ ಬಸ್ಸಿಗೆ ಪುಸ್ತಕ ತರುತ್ತೇನೆ. ಚಹಾದಂಗಡಿಯ ಮುಂದೆಯೇ ಇಳಿಯುತ್ತೇನೆ, ಮೊದಲು ಅಲ್ಲೇ ಹೇಳುತ್ತೇನೆ. ನೀವು ಬಾಗಿಲು ತೆರೆಯದಿದ್ದರೆ ಪುಸ್ತಕವನ್ನು ಕಟ್ಟೆಯ ಮೇಲಿಟ್ಟು ಬರುತ್ತೇನೆ.

ಕೊನೆಯ ಪುಟದಲ್ಲಿ ಟಾಕಿ ಬಿದ್ದ ದಿನದ ಅಂಕಿ ಇದೆ. ಪಕ್ಕದ ಕೊಡ ಅರ್ಧವೇ ಬರೆದದ್ದು. ಅದನ್ನು ನಾನು ಮುಟ್ಟಿಲ್ಲ, ಕಾಕಾ.