ರುಕ್ಮಾ ಗುರುತು ಹಾಕಿದ ದಾರಿ

ಹಳಿಯಾಳದ ಕಾಡಂಚಿನ ಸಿದ್ದಿ ಕೇರಿಯ ರುಕ್ಮಾ ದಿನಾ ಬೆಳಗ್ಗೆ ಸೈಕಲ್ಲಿಗೆ ಎರಡು ಹಾಲಿನ ಕ್ಯಾನು ಕಟ್ಟಿಕೊಂಡು ಕಾಡುದಾರಿಯಲ್ಲಿ ಡೇರಿಗೆ ಹೋಗುತ್ತಿದ್ದಳು. ಆ ದಾರಿಯಲ್ಲಿ ಮೂರೇ ಕಿಲೋಮೀಟರು. ಡಾಂಬರು ರಸ್ತೆ ಹಿಡಿದರೆ ಹನ್ನೊಂದು. ಏಳಕ್ಕೆ ಹೊರಡುವ ಡೇರಿ ಗಾಡಿ ಯಾರಪ್ಪನಿಗೂ ಕಾಯುವುದಿಲ್ಲ.

ಜನರೇ ಸೇರಿ ಬಿಡಿಸುವ ಮೊಬೈಲ್ ನಕ್ಷೆಯಲ್ಲಿ ದಾರಿ ಗುರುತಿಸುವುದನ್ನು ಅವಳು ಒಂದು ತರಬೇತಿಯಲ್ಲಿ ಕಲಿತಳು. ಮೊದಲು ಸೇರಿಸಿದ್ದೇ ಈ ಕಾಡುದಾರಿ: 'ಸೈಕಲ್ ಹೋಗುತ್ತದೆ, ಎಲ್ಲರಿಗೂ ಮುಕ್ತ.' ಅಕ್ಷರ ಬಾರದ ಮಾವ ಪೆದ್ರು ಆ ಮೊಬೈಲನ್ನು ಮನೆಮನೆಗೆ ಒಯ್ದು ತೋರಿಸಿ ಬಂದ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ನಕ್ಷೆ ನೋಡಿ ದಾಂಡೇಲಿಯ ರೆಸಾರ್ಟುಗಳಿಂದ ಸೈಕಲ್ ಸವಾರರು ಹಿಂಡುಗಟ್ಟಿ ಬಂದರು. ಹೊರಗಿನವರು ಆ ದಾರಿ ತುಳಿಯುವ ಮೊದಲು ಕೇರಿಯ ಹಿರಿಯಳಾದ ಸಿದ್ದಕ್ಕನ ಅಂಗಳದಲ್ಲಿ ನಿಂತು ಕೇಳಬೇಕೆಂಬುದು ಪದ್ಧತಿ. ಈ ಮಹಾಶಯರು ಯಾರನ್ನು ಕೇಳಿಯಾರು? ಒಂದು ದಿನ ಪೆದ್ರುವನ್ನೇ ಕೆಡವಿ, ಕಾಲು ಮುರಿದು, ತಿರುಗಿಯೂ ನೋಡದೆ ಹೋದರು.

ಸಿಟ್ಟಿಗೆದ್ದ ರುಕ್ಮಾ ಅಂದೇ ನಕ್ಷೆ ತೆರೆದು 'ಸೈಕಲ್ ಇಲ್ಲ, ಯಾರಿಗೂ ಪ್ರವೇಶದ ಹಕ್ಕಿಲ್ಲ' ಎಂದು ಬದಲಿಸಿದಳು. ಅದು ಕೇರಿಯವರಿಗೂ ತಟ್ಟೀತೆಂದು ಹೊಳೆಯಲೇ ಇಲ್ಲ. ತನ್ನ ಹಿತ್ತಲಿಗೆ ಹೋಗಲು ಯಾರು ನಕ್ಷೆ ನೋಡುತ್ತಾರೆ?

ಸವಾರರು ಬರುವುದು ನಿಂತಿತು. ಬೇಸಿಗೆಯಲ್ಲಿ ಅರಣ್ಯ ಇಲಾಖೆಯವರು ದಾರಿಗೆ ಕಬ್ಬಿಣದ ಗೇಟು ಹಾಕಿಸಿ ಬೀಗ ಜಡಿದರು. ಹನ್ನೊಂದು ಕಿಲೋಮೀಟರು ತುಳಿಯುವಷ್ಟರಲ್ಲಿ ಡೇರಿ ಗಾಡಿ ಹೋಗಿ, ರುಕ್ಮಾಳ ಹಾಲು ಕೆಡತೊಡಗಿತು. ಇದು ನಮ್ಮ ತಲೆತಲಾಂತರದ ದಾರಿ, ಬಿಡಿಸಿಕೊಡಿ ಎಂದು ಕೇರಿಯವರೆಲ್ಲ ಅರ್ಜಿ ಕೊಟ್ಟರು.

ವಿಚಾರಣೆಯ ದಿನ ಇಲಾಖೆಯ ಅಧಿಕಾರಿ ಆ ಮೊಬೈಲ್ ನಕ್ಷೆಯ ಒಂದು ಪ್ರತಿಯನ್ನು ಮೇಜಿನ ಮೇಲೆ ಹರವಿದ.

"ಈ ದಾರ್ಯಾಗ ಯಾರಿಗೂ ಹಕ್ಕಿಲ್ಲ ಅಂತ ಇದರಾಗ ಐತಿ. ಯಾರು ಬರದಿದ್ದು?"

ಸುಮ್ಮನಿದ್ದರೆ ಮಾತು ತೇಲಿಹೋದೀತೆಂದು ರುಕ್ಮಾ ತಲೆ ತಗ್ಗಿಸಿದಳು. ಅಷ್ಟರಲ್ಲಿ ಪೆದ್ರು ಕೋಲೂರಿ ಎದ್ದುನಿಂತ. ಸೊಸೆಯ ಕೆಲಸ ಸರಕಾರದ ಮೇಜಿಗೆ ಬಂದಿತೆಂದು ಮುದುಕನ ಎದೆ ಉಬ್ಬಿತ್ತು.

"ನಮ್ಮ ಸೊಸಿ ರೀ ಸಾಹೇಬ್ರ! ಇಡೀ ಕೇರ್ಯಾಗ ಅಕಿ ಒಬ್ಬಾಕಿಗೇ ಬರತೈತ್ರಿ ಇದು!"

"ಹೌದೇನವಾ?" ಅಧಿಕಾರಿ ರುಕ್ಮಾಳನ್ನು ಕೇಳಿದ.

ಇಲ್ಲವೆಂದರೆ ತುಂಬಿದ ಸಭೆಯಲ್ಲಿ ಮಾವ ಸುಳ್ಳುಗಾರನಾಗುತ್ತಾನೆ. ರುಕ್ಮಾ ತಲೆಯಾಡಿಸಿದಳು.

"ಹಂಗಾದ್ರ ನಂದೇನೈತಿ? ನೀವಾ ಬರಕೊಟ್ಟೀರಿ." ಅಧಿಕಾರಿ ನಕ್ಕು, ಅರ್ಜಿಯ ಮೇಲೆ ಅಡ್ಡಗೆರೆ ಎಳೆದ.

ಹೊರಗೆ ಕೇರಿಯವರು ಅವಳನ್ನು ಬಿಟ್ಟು ಮುಂದೆ ನಡೆದರು. ಸಿದ್ದಕ್ಕ ಅವಳ ಕಾಲ ಬುಡಕ್ಕೇ ಉಗುಳಿ ಹೋದಳು. ಪೆದ್ರು ಮಾತ್ರ ಕುಂಟುತ್ತ ಪಕ್ಕಕ್ಕೆ ಬಂದ.

"ಸಾಹೇಬ ಹೆಂಗ ನಕ್ಕ ನೋಡಿದೇನವಾ, ಭಾಳ ಖುಷಿ ಆಗೇತಿ ಅವಂಗ. ಗೇಟು ಯಾವಾಗ ತೆಗಿತಾನಂತ?"