ಗೋದಲಿಯ ಮೂರನೆಯ ಜ್ಞಾನಿ

ಪೊನ್ನಂಪೇಟೆ ಹತ್ತಿರದ ಎಸ್ಟೇಟಿನ ಚರ್ಚಿಗೆ ಕ್ರಿಸ್‌ಮಸ್ ದೀಪಗಳ ಸೀರಿಯಲ್ ಸೆಟ್ ಕಟ್ಟಲು ಹೋಗಿದ್ದೆ. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಲ್ಲಿ ತೋರಿಸುವ ಗೋದಲಿ ಜೋಡಿಸುವವರು ಎಸ್ಟೇಟಿನ ಕೂಲಿ ಲೈನಿನ ತೆರೇಸಕ್ಕ. ಅವರು ಗೊಂಬೆಗಳ ಪೆಟ್ಟಿಗೆ ಬಿಚ್ಚಿದರೆ ನಕ್ಷತ್ರ ಹಿಡಿದು ಯೇಸುವಿಗೆ ಕಾಣಿಕೆ ತಂದ ಮೂವರು ಜ್ಞಾನಿಗಳಲ್ಲಿ ಒಬ್ಬ ಪುಡಿಯಾಗಿದ್ದ. ಸಂಜೆಗೆ ಎಲ್ಲರೂ ನೋಡಲು ಬರುವವರು.

ಫಾದರ್ ತಲೆ ಕೆಡಿಸಿಕೊಳ್ಳಲಿಲ್ಲ. "ಮೂರೇ ಜನ ಅಂತ ಬೈಬಲಿನಲ್ಲಿ ಎಲ್ಲೂ ಇಲ್ಲ ತೆರೇಸಮ್ಮ. ಕಾಣಿಕೆ ಮೂರು ಬಗೆ, ಅಷ್ಟೇ. ಅವರು ಬಂದಿದ್ದೂ ಆಮೇಲೆ, ಮನೆಗೆ. ಕೊಟ್ಟಿಗೆಗಲ್ಲ."

"ಹಾಗಾದ್ರೆ ಉಳಿದ ಇಬ್ಬರನ್ನೂ ತೆಗೀಲಾ ಫಾದರ್?"

ಫಾದರ್ ಆ ಇಬ್ಬರನ್ನೂ ಎತ್ತಿ ಗೋದಲಿಯ ಒಂಟೆಯ ಪಕ್ಕ ನಿಲ್ಲಿಸಿದರು.

ನನ್ನ ಪಿಕಪ್ಪಿನ ಡ್ಯಾಶ್‌ಬೋರ್ಡಿನ ಮೇಲೆ ಕುಪ್ಯ ಅನ್ನುವ ಕರಿ ನಿಲುವಂಗಿ ತೊಟ್ಟು, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿಕೊಂಡ ಕೊಡವ ಗೊಂಬೆಯೊಂದಿತ್ತು. ತೆರೇಸಕ್ಕ ನನ್ನನ್ನು ಒಂದು ಮಾತೂ ಕೇಳದೆ ಅದನ್ನು ತಂದು ಒಂಟೆಯ ಪಕ್ಕ ನಿಲ್ಲಿಸಿದರು.

"ಇವನು ಇಲ್ಲಿಯವನಲ್ವಾ?" ಅಂದರು ಫಾದರ್.

"ಆ ಜ್ಞಾನಿಗಳು ಎಲ್ಲಿಯವರು ಅಂತ ಬರೆದಿದೆ ಫಾದರ್?"

"ಮೂಡಣ ದೇಶದವರು ಅಂತ."

"ಮತ್ತೆ?" ಅಂದರು ತೆರೇಸಕ್ಕ, ಗೊಂಬೆಯ ಪೇಟ ಸರಿಮಾಡುತ್ತ.

ನಾನು ಏಣಿ ಹತ್ತಿ ನಕ್ಷತ್ರ ಕಟ್ಟಿದೆ. ಅಲ್ಲೇ ಕೂತು ಮೊಬೈಲಿನಲ್ಲಿ ಭೂಪಟವನ್ನೂ ನೋಡಿದೆ. ಯೇಸು ಹುಟ್ಟಿದ ಬೆತ್ಲೆಹೇಮಿಗೆ ಪೊನ್ನಂಪೇಟೆ ಪೂರ್ವಕ್ಕೇ ಇದೆ.