ಎಣಿಸಲು ಬಾರದ ಹಗ್ಗ

ಒಂದು ಸ್ಕಿಪ್ಪಿಂಗ್ ಹಗ್ಗ ಆರಿಸಲು ನನಗೆ ಮೂರು ವಾರ ಹಿಡಿಯಿತು. ಹೇಳಿದರೆ ನಗುತ್ತೀರಿ. ಟೆಕ್ಸಸ್‌ನ ರೌಂಡ್ ರಾಕ್‌ನಲ್ಲಿ ನನ್ನ ಕೆಲಸವೇ ಯಂತ್ರಗಳು ಸರಿಯಾಗಿ ಅಳೆಯುತ್ತವೆಯೋ ಇಲ್ಲವೋ ಎಂದು ಪರೀಕ್ಷಿಸುವುದು. ಅಂಥವಳೇ ಮೋಸಹೋದೆನಲ್ಲ ಎಂಬ ಉರಿ ಇನ್ನೂ ಆರಿಲ್ಲ.

ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿನ ಕನ್ನಡದವರು ಸೇರಿ ಮಕ್ಕಳಿಗೆ ಹಗ್ಗ ಹಾರುವ ಪಂದ್ಯ ಇಟ್ಟಿದ್ದರು. ಒಂದು ತಿಂಗಳು, ದಿನಕ್ಕೆ ಎಷ್ಟು ಹಾರಿದರೆಂದು ಆ್ಯಪ್ ತೋರಿಸಿದ್ದನ್ನೇ ಗ್ರೂಪಿಗೆ ಹಾಕಬೇಕು, ಬಾಯಿಮಾತಿನ ಲೆಕ್ಕ ನಡೆಯದು. ನಮ್ಮವರ ಬುದ್ಧಿ ನಮಗೇ ಗೊತ್ತಿರುವುದರಿಂದ ಈ ನಿಯಮಕ್ಕೆ ನಾನೂ ಹೂಂ ಎಂದಿದ್ದೆ. ಹನ್ನೊಂದು ವರ್ಷದ ನನ್ನ ಮಗಳಂತೂ ಗೆದ್ದೇ ತೀರುವೆನೆಂದು ಹಟ ಹಿಡಿದಳು.

ಹಾರಿದ್ದನ್ನು ತಾನೇ ಎಣಿಸಿ ಆ್ಯಪ್‌ಗೆ ಕಳಿಸುವ ಹಗ್ಗ ಬೇಕಲ್ಲ. ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನ ಡಾಕ್ಟರ್ ಗೆಳತಿ ತನ್ನದನ್ನು ಹೊಗಳಿದ್ದೇ ಹೊಗಳಿದ್ದು. ಅವಳ ಮನೆಗೆ ಹೋಗಿ ನೋಡಿದರೆ, ಅವಳ ಗಂಡ ಸೋಫಾದಲ್ಲಿ ಕಾಲು ಚಾಚಿ ಕುಳಿತು ಹಗ್ಗದ ಹಿಡಿಯನ್ನು ಗಿರಗಿರ ತಿರುಗಿಸುತ್ತಿದ್ದಾರೆ, ಅದು ಎಣಿಸುತ್ತಲೇ ಇದೆ. ಇಂಥದ್ದಕ್ಕೆ ನಾಲ್ಕೂವರೆ ನಕ್ಷತ್ರ ಕೊಟ್ಟ ಜನಕ್ಕೆ ಏನೆನ್ನಬೇಕು? ಮನೆಗೆ ಬಂದವಳೇ ಸಿಕ್ಕ ರಿವ್ಯೂಗಳನ್ನೆಲ್ಲ ಓದಿದೆ, ಪಟ್ಟಿ ಮಾಡಿದೆ, ಒಂದೇ ಒಂದು ಜಿಗಿತವೂ ತಪ್ಪದೆಂದು ಆಣೆ ಇಟ್ಟಂತೆ ಬರೆದುಕೊಂಡಿದ್ದ ಕಂಪನಿಯ ಹಗ್ಗ ತರಿಸಿದೆ. ಮೊದಲ ದಿನ ನಾನೇ ನಿಧಾನವಾಗಿ ಐವತ್ತು ಹಾರಿದೆ. ಐವತ್ತೇ ತೋರಿಸಿತು. ನನಗೆ ಅಷ್ಟು ಸಾಕಾಯಿತು.

ಪಂದ್ಯದ ಎರಡನೇ ವಾರ ಮಗಳು ಗ್ಯಾರೇಜಿನಿಂದ ಏದುಸಿರು ಬಿಡುತ್ತ ಬಂದು, "ಅಮ್ಮಾ, ಐ ಡಿಡ್ ಫೈವ್ ಹಂಡ್ರೆಡ್" ಎಂದಳು. ಆ್ಯಪ್‌ನಲ್ಲಿ ನಾನೂರ ಹನ್ನೆರಡು ಇತ್ತು.

"ಸುಳ್ಳು ಯಾಕೆ ಹೇಳ್ತೀಯಾ?" ಎಂದೆ.

"ಐ ಕೌಂಟೆಡ್."

"ಮೆಷಿನ್‌ಗೆ ನಿನ್ನ ಮೇಲೇನು ದ್ವೇಷಾನಾ? ಎಷ್ಟು ಹಾರಿದ್ಯೋ ಅಷ್ಟು ಹೇಳೋದು ಕಲಿ."

ಅವಳು ಹಗ್ಗವನ್ನು ಗ್ಯಾರೇಜಿನ ಮೊಳೆಗೆ ನೇತುಹಾಕಿ ಬಂದಳು. ನಾಲ್ಕು ದಿನ ಹಗ್ಗ ಮುಟ್ಟಲಿಲ್ಲ.

ಧಾರವಾಡದಿಂದ ಬಂದಿದ್ದ ನನ್ನ ಅತ್ತೆಗೆ ಇದು ಸರಿಬರಲಿಲ್ಲ. "ಮೆಷಿನ್ ಹೇಳಿದ್ದು ಖರೆ, ಕೂಸು ಹೇಳಿದ್ದು ಸುಳ್ಳು ಅಂತ ಹೆಂಗ ಗೊತ್ತಾತು ನಿನಗ? ಕರಿ ಅಕೀನ್ನ, ನಾ ಎಣಸ್ತೀನಿ" ಎಂದು ಗ್ಯಾರೇಜಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು. ಜೋಳ ಅಳೆಯುವವರ ಹಾಗೆ ಒಂದರ ಬದಲು 'ಲಾಭ' ಎಂದು ಶುರುಮಾಡಿ, ಜಪದ ರೂಢಿಯಲ್ಲಿ ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸಿದರು. ಪಕ್ಕದಲ್ಲಿ ನಿಂತು ನಾನೂ ಮನಸ್ಸಿನಲ್ಲೇ ಎಣಿಸಿದೆ. ಮಗಳು ಬರಬರುತ್ತಾ ವೇಗ ಹೆಚ್ಚಿಸಿದಳು. "ಇನ್ನೂರಾತು, ಸಾಕು" ಎಂದರು ಅತ್ತೆ. ನನ್ನ ಲೆಕ್ಕವೂ ಇನ್ನೂರೇ. ಹಗ್ಗದ್ದು ನೂರ ಅರವತ್ತೊಂದು. ವೇಗವಾಗಿ ಹಾರುವವರ ಜಿಗಿತಗಳನ್ನು ಅದು ನುಂಗಿಹಾಕುತ್ತಿತ್ತು. ನಿಧಾನವಾಗಿ ಐವತ್ತು ಹಾರಿ ಪರೀಕ್ಷೆ ಮುಗಿಯಿತೆಂದು ಆಫೀಸಿನಲ್ಲಿ ಯಾರಾದರೂ ಬಂದಿದ್ದರೆ ನಾನೇ ಅವರನ್ನು ಬೆಂಡೆತ್ತುತ್ತಿದ್ದೆ.

ಕಂಪನಿಗೆ ಬರೆದೆ. ಮಗು ಹಗ್ಗವನ್ನು ಇನ್ನಷ್ಟು ನಿಧಾನವಾಗಿ ತಿರುಗಿಸಲಿ ಎಂದು ಉತ್ತರ ಬಂತು. ಮೈಯೆಲ್ಲ ಉರಿದುಹೋಯಿತು. ಎಣಿಸಲು ಬಾರದಿರುವುದು ಅವರ ಹಗ್ಗಕ್ಕೆ, ತಿದ್ದಿಕೊಳ್ಳಬೇಕಾದವಳು ನನ್ನ ಮಗಳೇ? ಈ ಹಗ್ಗವನ್ನು ವಾಪಸ್ ಬಿಸಾಡುತ್ತೇನೆ, ಮೂರೂ ಊರಿನ ಗ್ರೂಪಿನಲ್ಲಿ ಬರೆದು ಇವರ ಮಾನ ಹರಾಜು ಹಾಕುತ್ತೇನೆ, ಏನೂ ತಪ್ಪು ಮಾಡದ ಮಗುವನ್ನು ಸುಳ್ಳುಗಾತಿ ಮಾಡಿಬಿಟ್ಟರಲ್ಲ ಎಂದು ಅಡುಗೆಮನೆಯಲ್ಲಿ ಕೂಗಾಡಿದೆ.

ಮಗಳು ಮೊಸರನ್ನ ತಿನ್ನುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, ಇಂಗ್ಲಿಷಿನಲ್ಲಿ ಹೇಳಿದರೆ ನನಗೆ ತಟ್ಟಲಿಕ್ಕಿಲ್ಲ ಎಂದೋ ಏನೋ, ತಡವರಿಸುತ್ತಲೇ ಕನ್ನಡದಲ್ಲಿ ಹೇಳಿದಳು.

"ಹಗ್ಗ ನನ್ನನ್ನ ಲೈಯರ್ ಅಂತ ಹೇಳಿಲ್ಲ, ಅಮ್ಮ. ನೀನು ಹೇಳಿದ್ದು."